ಬೆರಳಿಗೆ ಒಪ್ಪುವ ಹರಳು

"ಈ ಎರಡು ಹರಳು ಜೋಡಿ ಅಲ್ಲ ಮೇಡಂ."

ಪೊಟ್ಟಣವನ್ನು ಮೇಜಿನ ಮೇಲಿಟ್ಟು ಅವನು ಅಷ್ಟೇ ಹೇಳಿ ನಿಂತ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ವಜ್ರಗಳನ್ನು ಬಣ್ಣ ನೋಡಿ ವಿಂಗಡಿಸುವುದು ಅವಳ ಕೆಲಸ. ಒಂಬತ್ತು ವರ್ಷದಿಂದ ಅದೇ ಬಿಳಿ ದೀಪ, ಅದೇ ಚಿಮಟ, ಅದೇ ಕುರ್ಚಿ. ನೀರಿನಷ್ಟು ತಿಳಿಯಾದ ಕಲ್ಲಿಗೆ ಡಿ ಅಕ್ಷರ. ಅಲ್ಲಿಂದ ಒಂದೊಂದು ಅಕ್ಷರ ಇಳಿದಂತೆ ಒಂದೊಂದು ಎಳೆ ಹಳದಿ ಹೆಚ್ಚು. ಬೇರೆಯವರು ಅರ್ಧ ಗಂಟೆ ತಿಣುಕಾಡುವ ಕಲ್ಲಿಗೆ ಅವಳು ಒಂದೇ ನೋಟದಲ್ಲಿ ಅಕ್ಷರ ಹೇಳುತ್ತಿದ್ದಳು. ಕಾರ್ಖಾನೆಯಲ್ಲಿ ಅವಳಿಗೆ ಸೂಜಿಗಣ್ಣಿ ಎಂದೇ ಹೆಸರು. ಅಂಥವಳ ತಪ್ಪು ಹಿಡಿಯಲು, ಸೇರಿ ತಿಂಗಳೂ ಆಗದ, ಒಡವೆಗೆ ಹರಳು ಕೂರಿಸುವವನೊಬ್ಬ ಬಂದಿದ್ದ.

ಮೇಲ್ವಿಚಾರಕರ ಹತ್ತಿರ ಹೋಗೋಣ ಬನ್ನಿ ಎಂದಳು. ಬೇಡ, ನೀವೇ ಇನ್ನೊಂದು ಸಲ ನೋಡಿ ಎಂದ.

ನೋಡಿದಳು. ಎಡಗಡೆಯ ಕಲ್ಲು ಒಂದೆಳೆ ಹಳದಿ ಇತ್ತು...

ಅವಳ ಕಿವಿ ಬಿಸಿಯಾಯಿತು. ಅವನು ಮಾತ್ರ ಗೆದ್ದ ಮುಖ ಮಾಡಲಿಲ್ಲ, ಯಾರ ಕಿವಿಗೂ ಹಾಕಲಿಲ್ಲ. ಕಲ್ಲು ಬದಲಾಯಿಸಿಕೊಂಡು "ಹೂಂ" ಎಂದು ಹೊರಟುಹೋದ.

ಅವನ ಬಾಯಿಂದ ಅದಕ್ಕಿಂತ ದೊಡ್ಡ ಮಾತು ಹೊರಡಿಸುವುದು ಕಷ್ಟವೆಂದು ಜೊತೆಯವರು ಅವನಿಗೆ ಹೂಂಕಾರ ಎಂದು ಹೆಸರಿಟ್ಟಿದ್ದರು. ಅವಳಿಗೆ ಆ ಮೌನವೇ ಹಿಡಿಸಿತು. ಆರು ತಿಂಗಳಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಊಟದ ಡಬ್ಬಿ ಬಿಚ್ಚುವಂತಾಯಿತು. ಅವಳು ಹೇಳುತ್ತಾ ಹೋಗುವಳು, ಅವನು ಕೇಳುತ್ತಾ ಕೂರುವನು. ಮದುವೆಯ ಮಾತನ್ನೂ ಅವಳೇ ಎತ್ತಿದ್ದು. ಅದಕ್ಕೂ ಅವನು ಹೂಂ ಎಂದಷ್ಟೇ ಹೇಳಿದ. ಕಣ್ಣು ಮಾತ್ರ ತುಂಬಿಬಂದಿತ್ತು.

ಮರುವರ್ಷ ಅವಳ ಆರೋಗ್ಯ ಕೈಕೊಟ್ಟಿತು.

ಮೊದಮೊದಲು ಬರೀ ಸುಸ್ತು. ಒಂದು ಮಧ್ಯಾಹ್ನ ದೀಪದ ಕೆಳಗೆ ಚಿಮಟ ಹಿಡಿದ ತನ್ನ ಕೈಯನ್ನೇ ನೋಡಿ ಅವಳು ಬೆಚ್ಚಿದಳು. ಬೆರಳು, ಉಗುರಿನ ಬುಡ, ಅಂಗೈ... ಎಲ್ಲವೂ ಹಳದಿ. ಕಾಮಾಲೆ ಇರಬೇಕೆಂದು ಶುರುವಾದ ಪರೀಕ್ಷೆ, ಲಿವರ್ ಪೂರ್ತಿ ಕೆಟ್ಟಿದೆ ಎಂಬಲ್ಲಿಗೆ ಬಂದು ನಿಂತಿತು. ಬೇರೆಯವರ ಲಿವರ್ ಜೋಡಿಸಬೇಕು, ಅದಕ್ಕೆ ಹೆಸರು ಬರೆಸಿ ಸರದಿ ಕಾಯಬೇಕು. ಎಷ್ಟು ದಿನ ಎಂದು ಅಮ್ಮ ಕೇಳಿದಾಗ ಡಾಕ್ಟರು ಕಿಟಕಿಯ ಕಡೆ ನೋಡಿದರು.

ಅವಳು ಕೆಲಸ ಬಿಟ್ಟಳು. ಸುಡುವ ಸೆಕೆಯಲ್ಲೂ ಉದ್ದ ತೋಳಿನ ಸ್ವೆಟರ್ ತೊಟ್ಟು ಕೈ ಮುಚ್ಚಿಕೊಂಡಳು. ಮದುವೆ ಬೇಡವೆಂದು ಅವನಿಗೆ ಹೇಳಿಕಳಿಸಿದಳು. ಅವನು ಕೇಳಲಿಲ್ಲ. ಪ್ರತಿ ಭಾನುವಾರ ಬಂದು, ಅಮ್ಮನ ಕೈಗೆ ಹಣ್ಣು ಕೊಟ್ಟು, ಅವಳೆದುರು ಒಂದು ಗಂಟೆ ಕೂತು ಹೋಗುತ್ತಿದ್ದ.

ಒಂದು ಭಾನುವಾರ ಹಣ್ಣಿನ ಜೊತೆ ಪುಟ್ಟ ಡಬ್ಬಿಯೂ ಬಂತು. ಒಳಗೆ ಅವನೇ ಮಾಡಿದ ಉಂಗುರ.

ಹಾಳು ಕಣ್ಣು... ಪ್ರೀತಿಗಿಂತ ಮೊದಲು ಬಣ್ಣವನ್ನೇ ನೋಡಿತು.

"ಇದು ಎಂ," ಎಂದಳು.

"ಹೂಂ."

"ನೀನೇ ಆರಿಸಿದ್ದಾ?"

"ಹೂಂ."

ಎಂ ಅಂದರೆ ಡಿಯಿಂದ ಒಂಬತ್ತು ಅಕ್ಷರ ಕೆಳಗೆ, ಬರಿಗಣ್ಣಿಗೂ ಕಾಣುವಷ್ಟು ಹಳದಿ; ಅಂಥ ಕಲ್ಲು ಬಂದರೆ ಅವಳು ಕೆಳಗಿನ ಪೆಟ್ಟಿಗೆಗೆ ತಳ್ಳುತ್ತಿದ್ದಳು. ಅದು ಅವನಿಗೂ ಗೊತ್ತು. ಗೊತ್ತಿದ್ದೂ ತಂದನೆಂದರೆ? ಎಳ್ಳಿನಷ್ಟು ಚಿಕ್ಕ ಬಿಳಿ ಕಲ್ಲಾದರೂ ಸಾಕಿತ್ತಲ್ಲ... ಕಲ್ಲೇ ಇಲ್ಲದ ಬರೀ ಉಂಗುರವಾದರೂ ಆಗುತ್ತಿತ್ತಲ್ಲ...

"ಇನ್ನು ನಾಲ್ಕು ದಿನ ಇರೋಳಿಗೆ ಇಷ್ಟು ಸಾಕು ಅಂದ್ಕೊಂಡ್ಯಾ? ನಾನೂ ಹಳದಿ, ಕಲ್ಲೂ ಹಳದಿ. ಚೆನ್ನಾಗಿದೆ."

ಅವಳು ಡಬ್ಬಿಯನ್ನು ಅವನ ಕಡೆ ತಳ್ಳಿ, ಇನ್ನು ಬರಬೇಡ ಎಂದಳು. ಅವನು ಅದನ್ನು ಜೇಬಿಗೆ ಹಾಕಿಕೊಂಡು ತಲೆ ತಗ್ಗಿಸಿ ಹೊರಟ.

ಎರಡು ಭಾನುವಾರ ಅವನು ಬರಲಿಲ್ಲ. ಅಷ್ಟರಲ್ಲಿ ಅವಳ ಹೊಟ್ಟೆಯಲ್ಲಿ ನೀರು ತುಂಬಿ, ಆಸ್ಪತ್ರೆಗೆ ಸೇರಿಸಿ ತೆಗೆಸಿದ್ದಾಯಿತು. ಮನೆಗೆ ಬಂದ ಮಾರನೆಯ ದಿನ ಕಾರ್ಖಾನೆಯಲ್ಲಿ ಪಾಲಿಶ್ ಮಾಡುವ ಹೆಂಗಸು ನೋಡಲು ಬಂದಳು. ಎಲ್ಲರೂ ಆಕೆಯನ್ನು ಚಿಕ್ಕಮ್ಮ ಎನ್ನುತ್ತಿದ್ದರು. ಬಂದವಳೇ, ಅವನಿಗೆ ಅಂಥದ್ದೇನು ಅಂದೆ, ಊಟ ನಿದ್ದೆ ಬಿಟ್ಟು ಕೂತಿದ್ದಾನೆ ಎಂದು ರೇಗಿದಳು.

ಅವಳು ಉಂಗುರದ ವಿಷಯ ಹೇಳಿದಳು. ಚಿಕ್ಕಮ್ಮ ಹಣೆ ಹಣೆ ಬಡಿದುಕೊಂಡಳು.

ಅವನು ಮೊದಲು ಆರಿಸಿದ್ದು ಅಪ್ಪಟ ಬಿಳಿ ಕಲ್ಲನ್ನೇ. ಆಮೇಲೆ ಏನನ್ನಿಸಿತೋ, ಅವಳ ಬೆರಳಿನ ಬಣ್ಣ ಬರುವವರೆಗೂ ಅರಿಶಿನ ಕಲಸಿ ತನ್ನ ಬೆರಳಿಗೆ ಬಳಿದುಕೊಂಡು, ಊಟದ ಹೊತ್ತಿನಲ್ಲಿ ಒಂದೊಂದೇ ಕಲ್ಲನ್ನು ಅದರ ಮೇಲಿಟ್ಟು ನೋಡತೊಡಗಿದ. ಜೊತೆಯವರೆಲ್ಲ ನಕ್ಕಿದ್ದೇ ನಕ್ಕಿದ್ದು. ಅವನು ಇಪ್ಪತ್ತು ದಿನ ಬಿಡಲಿಲ್ಲ.

"ಬಿಳಿ ಕಲ್ಲು ಇಟ್ರೆ ಹಳದಿ ಎದ್ದು ಕಂಡು, ಹೆಣದ ಬೆರಳಿನ ಹಾಗೆ ಕಾಣ್ತಿತ್ತು ಕಣೇ," ಎಂದಳು ಚಿಕ್ಕಮ್ಮ. "ಇದನ್ನ ಇಟ್ಟಾಗ ಮಾತ್ರ ಉಂಗುರ ಹಾಕಿರೋ ಬೆರಳು, ಅಷ್ಟೇ ಕಾಣಿಸ್ತು. ಅವತ್ತು ಮುಖ ಮುಚ್ಕೊಂಡು ಅತ್ತ."

ಅವಳು ತನ್ನ ಬರಿ ಬೆರಳನ್ನೇ ನೋಡಿಕೊಂಡಳು. ಎಂಥ ಮಾತು ಅಂದುಬಿಟ್ಟೆ... ಎಂಥ ಮಾತು!

ಮಾರನೆಯ ಬೆಳಿಗ್ಗೆ ಅಮ್ಮನ ಭುಜ ಹಿಡಿದು ಕಾರ್ಖಾನೆಯ ಮೂರು ಮಹಡಿ ಹತ್ತಿದಳು. ಪ್ರತಿ ತಿರುವಿನಲ್ಲೂ ಕೂತು ಸುಧಾರಿಸಿಕೊಂಡಳು. ಒಳಗೆ ಹೋದಾಗ ಅರಗಳ ಸದ್ದು ಒಂದೊಂದಾಗಿ ನಿಂತಿತು. ಕೆಲವರು ಅವಳ ಮುಖ ನೋಡಲಾರದೆ ತಲೆ ತಗ್ಗಿಸಿದರು. ಅವನ ಮೇಜಿನ ಮುಂದೆ ನಿಂತು, ಎಲ್ಲರೆದುರಿಗೇ ಸ್ವೆಟರಿನ ತೋಳು ಮಡಚಿ, ಅವಳು ಕೈಯನ್ನು ದೀಪದ ಕೆಳಗಿಟ್ಟಳು.

ಅವನು ಅಂಗಿಯ ಜೇಬಿನಿಂದ ಉಂಗುರ ತೆಗೆದು ಅವಳ ಬೆರಳಿಗೆ ತೊಡಿಸಿದ. ಅವಳು ಬಗ್ಗಿ ನೋಡಿದಳು. ತಿಂಗಳುಗಳ ನಂತರ ಮೊದಲ ಸಲ ಅವಳಿಗೆ ಕಾಯಿಲೆ ಕಾಣಲಿಲ್ಲ, ತನ್ನ ಕೈ ಕಂಡಿತು.

"ನೋಡೋರ ಕಣ್ಣು ಮೊದಲು ಕಾಯಿಲೆ ಮೇಲೆ ಬೀಳಬಾರದು ಅನ್ನಿಸ್ತು," ಎಂದ ಅವನು. "ಹೇಳೋಕೆ ಬರಲಿಲ್ಲ."

"ನನ್ನ ಸರದಿ ಬರದೇನೇ ಹೋಗಬಹುದು."

"ಗೊತ್ತು. ಇರೋಷ್ಟು ದಿನ ನಿನ್ನ ಗಂಡನಾಗಿ ಇರ್ತೀನಿ."

ಮುಂದಿನ ವಾರ ನೋಂದಣಿ ಕಚೇರಿಯಲ್ಲಿ ಮದುವೆಯಾಯಿತು. ನಿಲ್ಲಲು ಆಗದೆ ಅವಳು ಕೂತೇ ಸಹಿ ಹಾಕಿದಳು. ಅಮ್ಮ ಅಳು ನುಂಗಿಕೊಂಡು ಎಲ್ಲರಿಗೂ ಸಿಹಿ ಹಂಚಿದಳು.

ಮೂರು ತಿಂಗಳಾದರೂ ಆಸ್ಪತ್ರೆಯಿಂದ ಕರೆ ಬರಲಿಲ್ಲ. ಮತ್ತೆ ಎರಡು ಸಲ ನೀರು ತೆಗೆಸಬೇಕಾಯಿತು. ಎರಡನೆಯ ಸಲ ವಾರ್ಡಿನಲ್ಲಿ ಮಲಗಿದ್ದಾಗ ಅವಳು ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ನಾನು ವಾಸಿ ಆಗಿಬಿಟ್ರೆ ಏನ್ ಮಾಡ್ತೀಯ? ಮೈ ಹಳದಿ ಇಳಿದ ಮೇಲೆ, ಈ ಕಲ್ಲು ಹಳದಿ ಅಂತ ಎಲ್ಲರಿಗೂ ಗೊತ್ತಾಗುತ್ತೆ."

ಅವನು ಆ ಕೈಯನ್ನು ತನ್ನ ಎರಡೂ ಕೈಗಳೊಳಗೆ ತೆಗೆದುಕೊಂಡ.

"ಗೊತ್ತಾಗಲಿ. ಆ ದಿನಕ್ಕೇ ಕಾಯ್ತಾ ಇದ್ದೀನಿ."