ಹದಿನಾಲ್ಕನೇ ತಾರೀಖಿನ ಕಟ್ಟು

"ಈ ಅರ್ಜಿ ಪತ್ರಾಗಾರದ ಯಾವ ಕಟ್ಟಿನಲ್ಲಿ ಸಿಕ್ತು?" ಎಂದು ಗೈಡ್ ಕೇಳಿದಾಗ ಅವಳು ತನ್ನ ಟಿಪ್ಪಣಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

ಪಿಎಚ್‌ಡಿಯ ಎರಡನೇ ಅಧ್ಯಾಯ ನಿಂತಿದ್ದೇ ಆ ಅರ್ಜಿಯ ಮೇಲೆ. ಎಂಬತ್ತು ವರ್ಷಗಳ ಹಿಂದೆ ಆಸ್ಪತ್ರೆಯೊಂದರ ಹನ್ನೊಂದು ದಾದಿಯರು, ತಾವು ಮಲಗುವ ಕೋಣೆಗೊಂದು ಕಿಟಕಿ ಇಡಿಸಿಕೊಡಿ ಎಂದು ಬರೆದದ್ದು. ಅವಳು ಸಂಶೋಧನೆ ಮಾಡುತ್ತಿದ್ದದ್ದು ಕಂಪ್ಯೂಟರಿಗೆ ಮುಂಚಿನ ಕಾಲ. ಅವಳು ಅಷ್ಟನ್ನೂ ಕಾರ್ಡಿಗೆ ನಕಲು ಮಾಡಿಕೊಂಡಿದ್ದಳು. ಕಟ್ಟಿನ ನಂಬರ್ ಮಾತ್ರ ಬರೆದುಕೊಂಡಿರಲಿಲ್ಲ.

"ನಂಬರ್ ಇಲ್ಲದಿದ್ರೆ ಇದು ಬರೀ ಕತೆ ಕಣೇ. ಶುಕ್ರವಾರದೊಳಗೆ ಹುಡುಕು. ಇಲ್ಲಾಂದ್ರೆ ಈ ಅಧ್ಯಾಯ ಬಿಟ್ಟುಬಿಡು."

ಪತ್ರಾಗಾರದ ಓದುಕೋಣೆಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತಳು. ಹಳೆಯ ಕಾಗದ, ಗೋಂದು, ಬಿಸಿಲಿಗೆ ಕಾದ ಮರದ ಮೇಜು: ಆ ವಾಸನೆ ಅವಳಿಗೆ ಇವತ್ತಿಗೂ ನೆನಪಿದೆ. ಎದುರು ಮೇಜಿನಲ್ಲಿ ಒಬ್ಬ ಸೀನಿಯರ್ ಸಂಶೋಧಕ. ಎಲ್ಲರೂ ಅವನನ್ನು 'ಅಡಿಟಿಪ್ಪಣಿ' ಎನ್ನುತ್ತಿದ್ದರು. ಮಳೆ ಬರುತ್ತಂತೆ ಎಂದರೂ, "ಯಾರು ಹೇಳಿದ್ದು?" ಎನ್ನುವ ಆಸಾಮಿ.

"ಏನ್ರೀ, ಮುಖ ಬಾಡಿದೆ?"

"ಯಾಕೆ, ನಗೋಕಾ?"

ಆದರೂ ಅವಳು ನಡೆದದ್ದನ್ನೆಲ್ಲ ಹೇಳಿದಳು, ಆ ಅರ್ಜಿ ಓದುವಾಗ ಅಳು ಬಂದದ್ದನ್ನೂ. ಕೇಳಿದ ಮೇಲೆ ಅವನು ನಗಲಿಲ್ಲ. ಮೇಲ್ವಿಚಾರಕಿಯ ಹತ್ತಿರ ಹೋಗಿ, ಅವಳು ಮೂರು ತಿಂಗಳಿಂದ ಬರೆದುಕೊಟ್ಟಿದ್ದ ಬೇಡಿಕೆ ಚೀಟಿಗಳನ್ನು ಕೇಳಿ ತಂದ. ಯಾವ ದಿನ ಯಾವ ಕಟ್ಟು ತರಿಸಿದ್ದಳೆಂದು ಒಂದೊಂದರಲ್ಲೂ ಇತ್ತು.

"ಇನ್ನೂರ ನಲವತ್ತು ಕಟ್ಟು! ಓದಿದ ದಿನವಾದ್ರೂ ನನಗೆ ನೆನಪಿದ್ದಿದ್ರೆ..."

"ಹೋದ ತಿಂಗಳು ಹದಿನಾಲ್ಕನೇ ತಾರೀಖು," ಎಂದ ಅವನು ತಲೆಯೆತ್ತದೆ. "ಮಧ್ಯಾಹ್ನ."

"ನಿಮಗೆ ಹೇಗೆ ಗೊತ್ತು?"

"ಓದ್ತಾ ಓದ್ತಾ ಕಣ್ಣು ಒರೆಸಿಕೊಂಡ್ರಿ. ಕೆನ್ನೆಗೆಲ್ಲ ಮಸಿ ಆಯ್ತು. ಅದೂ ಗೊತ್ತಾಗ್ಲಿಲ್ಲ ನಿಮಗೆ."

"ಸುಮ್ನೆ ಹೇಳ್ಬೇಡಿ. ದಾಖಲೆ ತೋರಿಸಿ."

ಅವನ ಕಿವಿಗಳು ಕೆಂಪಾದವು. ತನ್ನ ಮುಂದಿದ್ದ ನೋಟ್‌ಬುಕ್ ಮುಚ್ಚಲು ಹೋದ, ಅವಳು ಬಿಡಲಿಲ್ಲ. ಅದರ ತುಂಬ ಹಳೆಯ ರೈಲುದಾರಿಗಳ ಟಿಪ್ಪಣಿ. ಹದಿನಾಲ್ಕನೇ ತಾರೀಖಿನ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದ ಒಂದು ಸಾಲು: 'ಎದುರಿನವರು ಇವತ್ತು ಅತ್ತರು. ಯಾಕೆಂದು ಕೇಳುವ ಧೈರ್ಯ ಬರಲಿಲ್ಲ.'

ಅವಳು ಹಿಂದಿನ ಪುಟಗಳನ್ನು ಮಗುಚಿದಳು. 'ಇವತ್ತು ಜಡೆ ಇಲ್ಲ, ಗಂಟು.' 'ಇವತ್ತು ಬಂದಿಲ್ಲ.' 'ಇವತ್ತೂ ಬಂದಿಲ್ಲ.'

ಆ ವಾರ ಅವಳಿಗೆ ಜ್ವರವಿತ್ತು. ತಾನು ಬಾರದ ದಿನವನ್ನು ಯಾರಾದರೂ ಬರೆದಿಟ್ಟಾರೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಹದಿನಾಲ್ಕನೇ ತಾರೀಖಿನ ಚೀಟಿಯನ್ನು ಹುಡುಕಿ ತೆಗೆದಳು.

ಚೀಟಿಯಲ್ಲಿ ನಾಲ್ಕು ಕಟ್ಟುಗಳ ನಂಬರ್ ಇತ್ತು. ನಾಲ್ಕನ್ನೂ ತರಿಸಿದರು. ಮೂರನೆಯದರಲ್ಲಿ ಅರ್ಜಿ ಸಿಕ್ಕಿತು, ಹನ್ನೊಂದು ರುಜುಗಳ ಸಮೇತ. ಅವಳು ನಂಬರ್ ಬರೆದುಕೊಂಡಳು. ಅವನು ಎರಡು ಸಲ ತಾಳೆ ನೋಡಿದ.

"ಸರಿ, ನಾನಿನ್ನು..." ಎಂದು ತನ್ನ ಮೇಜಿನತ್ತ ತಿರುಗಿದ.

"ಎಲ್ಲಿಗೆ?" ಅವಳು ಅವನ ಪುಸ್ತಕಗಳನ್ನು ಬಾಚಿ ತಂದು ತನ್ನ ಮೇಜಿನ ಮೇಲಿಟ್ಟಳು. "ದೂರದಿಂದ ನೋಡಿ ಬರೆದದ್ದು ಸಾಕು. ಇನ್ಮೇಲೆ ನನ್ನನ್ನೇ ಕೇಳಿ ಬರ್ಕೊಳ್ಳಿ."

ಅವನು ಕೂತ. ಪೆನ್ನು ಕೈಯಲ್ಲೇ ಇತ್ತು, ಬರೆಯುವುದು ಮರೆತುಹೋಗಿತ್ತು.

ಮೇಲ್ವಿಚಾರಕಿ ಕನ್ನಡಕ ಇಳಿಸಿ ನೋಡಿದರು. "ಒಂದು ಮೇಜಿಗೆ ಒಬ್ಬರೇ ಕಣಮ್ಮ. ರೂಲು."

"ಇವತ್ತೊಂದು ದಿನ, ಅಮ್ಮಾ."

"ಎಲ್ಲರೂ ಹೀಗೇ ಶುರು ಮಾಡೋದು," ಎಂದು ಗೊಣಗುತ್ತ ಆಕೆ ತಮ್ಮ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು.