ಬಾಯ್ಲರ್ ರೂಮಿನಿಂದ ಬಂದವನು

"ಏ, ನಿಲ್ಸ್ರೀ! ಆ ಶೀಟು ಒಡೀಬೇಡಿ!"

ಬೆಂಗಳೂರಿನ ದೊಡ್ಡನೆಕ್ಕುಂದಿಯಲ್ಲಿ ತಮ್ಮ ಹಳೇ ಶೆಡ್ ಕೆಡವಿಸುತ್ತಿದ್ದ ಯಮುನಾ ಬೆಚ್ಚಿ ತಿರುಗಿದಳು. ಪಕ್ಕದ ಫ್ಯಾಕ್ಟರಿಯ ಯೂನಿಫಾರ್ಮಿನಲ್ಲಿದ್ದವನೊಬ್ಬ ಓಡಿಬಂದು, ಕೂಲಿಯವನ ಕೈಯಿಂದ ಸುತ್ತಿಗೆ ಕಿತ್ತುಕೊಂಡೇಬಿಟ್ಟ!

"ಯಾರ್ರೀ ನೀವು? ಇದು ನಮ್ಮಪ್ಪನ ಜಾಗ!"

"ಜಾಗ ನಿಮ್ದೇ ಮೇಡಂ. ಆದ್ರೆ ಇದು ಆಸ್ಬೆಸ್ಟಾಸ್. ಒಡೆದ್ರೆ ಧೂಳು ಇವರ ಎದೆಗೆ ಹೋಗುತ್ತೆ. ನೀರು ಚಿಮುಕ್ಸಿ, ಮಾಸ್ಕ್ ಕೊಟ್ಟು, ಇಡೀ ಶೀಟೇ ಇಳಿಸಿ."

ಅವನ ಹೆಸರು ಬಸಲಿಂಗ. ಬಾಗಲಕೋಟೆ ಕಡೆಯವನು, ಈ ಫ್ಯಾಕ್ಟರಿಗೆ ಸೇರುವ ಮೊದಲು ಹದಿನೈದು ವರ್ಷ ನೌಕಾಪಡೆಯಲ್ಲಿದ್ದವನು. ಹಳೇ ಹಡಗಿನ ಬಾಯ್ಲರ್ ರೂಮಿನಲ್ಲಿ ಹಬೆ ಪೈಪಿಗೆ ಸುತ್ತಿದ್ದ ಆಸ್ಬೆಸ್ಟಾಸನ್ನು ಬರಿಗೈಲಿ ಕಿತ್ತವನು.

"ರೂಮೆಲ್ಲಾ ಧೂಳು, ಹಿಟ್ಟಿನ ಗಿರಣಿ ಥರ ಇರ್ತಿತ್ತು. ಅದರಲ್ಲೇ ನಗ್ತಾ ಊಟ ಮಾಡ್ತಿದ್ವಿ..." ಎಂದ. ಜೊತೆಗಿದ್ದ ಹಿರಿಯರೊಬ್ಬರು ಆ ಧೂಳಿನಿಂದಲೇ ಶ್ವಾಸಕೋಶ ಕೆಟ್ಟು ತೀರಿಕೊಂಡಿದ್ದರು.

ಯಮುನಾಳ ಸಿಟ್ಟು ಕರಗಿತು. ಶೀಟು ಇಳಿದು ಮುಗಿದರೂ ಇಬ್ಬರ ಮಾತು ಮಾತ್ರ ಮುಗಿಯಲಿಲ್ಲ. ಮೂರು ತಿಂಗಳು, ದಿನವೂ ಟೀ, ದಿನವೂ ನಗು!

ಒಂದು ಭಾನುವಾರ ಅವಳಪ್ಪ ಶ್ಯಾಮಣ್ಣ ಕೇಳಿಯೇಬಿಟ್ಟರು: "ನಮ್ ಹುಡುಗೀನ ಮದ್ವೆ ಆಗ್ತೀಯೇನಪ್ಪಾ?"

ಬಸಲಿಂಗ ಟೀ ಲೋಟ ಅಲ್ಲೇ ಇಟ್ಟು ಎದ್ದುಹೋದ. ಆಮೇಲೆ ಫೋನೂ ಇಲ್ಲ, ಮೆಸೇಜೂ ಇಲ್ಲ...

'ನನ್ನನ್ನ ಇಷ್ಟಾನೇ ಪಡ್ಲಿಲ್ವಾ?' ಮೂರು ವಾರ ಯಮುನಾ ಒಳಗೊಳಗೇ ಬೆಂದಳು. ಕೊನೆಗೆ ಒಂದು ಮಧ್ಯಾಹ್ನ ಫ್ಯಾಕ್ಟರಿ ಗೇಟಿಗೇ ಹೋಗಿ ನಿಂತಳು.

"ಬೇಡ ಅನ್ನೋಕೂ ಬಾಯಿ ಬರ್ಲಿಲ್ವೇನ್ರೀ?"

ಅವನ ಕೈಯಲ್ಲಿ ಸ್ಕ್ಯಾನಿನ ದೊಡ್ಡ ಕವರಿತ್ತು.

"ಹೆದರಿಬಿಟ್ಟೆ ಯಮುನಾ. ಆ ಧೂಳಿನ ಕಾಯಿಲೆ ಮೂವತ್ತು ವರ್ಷ ಬಿಟ್ಟೂ ಬರುತ್ತೆ. ಮೊದಲು ಡಾಕ್ಟರಿಗೆ ಎದೆ ತೋರಿಸಿ ಬರೋಣ ಅಂತ..."

ಅವಳು ಆ ಕವರಿಗೇ ಕೈ ಹಾಕಿದಳು. "ಏನಂದ್ರು?"

"ಸದ್ಯಕ್ಕೆ ಏನೂ ಇಲ್ವಂತೆ. ವರ್ಷವರ್ಷ ತೋರಿಸ್ತಿರ್ಬೇಕು. ಮುಂದೆ ಬರಲ್ಲ ಅಂತ ಯಾರೂ ಬರೆದುಕೊಡಲ್ಲ..."

"ನನಗೆ ಮುಂದೇನೂ ಆಗಲ್ಲ ಅಂತ ಯಾರು ಬರೆದುಕೊಟ್ಟಿದ್ದಾರೆ?" ಯಮುನಾ ಕಣ್ಣೊರೆಸಿಕೊಂಡು ನಕ್ಕಳು. "ತೋರಿಸೋಕೆ ಜೊತೇಲೇ ಹೋಗೋಣ. ಅಪ್ಪ ಕಾರಲ್ಲೇ ಕೂತಿದ್ದಾರೆ. ಕರೀಲಾ?"

"ತಡೀರಿ! ಮೊದಲು ನಾನು ಹೇಳ್ಬೇಕು..."

ಇಷ್ಟು ದಿನ ಎಚ್ಚರದಿಂದ ಬೆಂಗಳೂರು ಕನ್ನಡ ಆಡುತ್ತಿದ್ದವನ ಬಾಯಲ್ಲಿ ಊರಿನ ಮಾತೇ ನುಗ್ಗಿಬಂತು.

"ಯಮುನಾ... ನೀ ಅಂದ್ರ ನನಗ ಭಾಳ ಇಷ್ಟ."

ಅವಳ ಕೆನ್ನೆ ಕೆಂಪೇರಿತು.

"ನನಗೂ ಕಣೋ!"