ಗುರುವಾರದ ಟಿಪ್ಪರ್

2025ರ ಫೆಬ್ರುವರಿ 11, ಮಂಗಳವಾರ ಬೆಳಿಗ್ಗೆ 9.40ಕ್ಕೆ ಹೊಸಪೇಟೆಯ ಠಾಣೆಗೆ ಬಂದ ದೂರು ಎಂಟೇ ಸಾಲಿನದು. ಮಕ್ಕಳಿಗೆ ಆಟದ ಮೂಲಕ ಚಿಕಿತ್ಸೆ ಕೊಡುವ ಕೋಣೆಯ ಕಿಟಕಿ ಚಿಲಕ ಮುರಿದು ಯಾರೋ ಒಳಗೆ ಹೊಕ್ಕಿದ್ದಾರೆ. ಒಂದು ಹಳದಿ ಪ್ಲಾಸ್ಟಿಕ್ ಆಟಿಕೆ ಟಿಪ್ಪರ್ ಕಳುವಾಗಿದೆ. ಲ್ಯಾಪ್‌ಟಾಪ್ ಇದ್ದಲ್ಲೇ ಇದೆ. ಕೆಳಗೆ ಆಕ್ಯುಪೇಶನಲ್ ಥೆರಪಿಸ್ಟ್ ಶಿಲ್ಪಶ್ರೀ ಅವರ ಸಹಿ.

ಹೆಡ್ ಕಾನ್‌ಸ್ಟೆಬಲ್ ದೇವಿಕಾ ಓದಿ ಕಾಗದ ಕೆಳಗಿಟ್ಟರು. "ಮೇಡಂ, ಬಜಾರದಾಗ ನೂರೈವತ್ತಕ್ಕ ಸಿಗ್ತೈತ್ರಿ ಇದು. ಎಫ್‌ಐಆರ್ ಬೇಕೇನ್ರಿ?"

"ಬ್ಯಾರೇದು ನಡಿಯಂಗಿಲ್ರಿ. ಗುರುವಾರ ಒಂದು ಕೂಸು ಬರ್ತೈತಿ. ಅದಕ್ಕ ಅದೇ ಬೇಕು," ಎಂದರು ಎದುರಿಗೆ ನಿಂತಿದ್ದ ಶಿಲ್ಪಶ್ರೀ.

ಇನ್ಸ್‌ಪೆಕ್ಟರ್ ಈಶ್ವರ್ ಒಳಗಿನಿಂದ ಕೇಳಿಸಿಕೊಂಡು ಅವರನ್ನು ಕೂರಿಸಿ ವಿವರ ಕೇಳಿದರು.

ಕೂಸು ಮಲಪನಗುಡಿಯ ಅನ್ನಪೂರ್ಣ, ಆರು ವರ್ಷ. ತಂದೆ ಮೊದಲೇ ಇಲ್ಲ. ಕಳೆದ ನವೆಂಬರ್ 18ರ ಬೆಳಿಗ್ಗೆ ಆರೂಕಾಲಿಗೆ ಊರಿನ ತಿರುವಿನಲ್ಲಿ ಲಾರಿಯೊಂದು ಅವಳ ತಾಯಿ ರೇಣುಕಾದೇವಿಗೆ ಗುದ್ದಿ ನಿಲ್ಲದೆ ಹೋಗಿತ್ತು. ತಾಯಿ ಸ್ಥಳದಲ್ಲೇ ತೀರಿಕೊಂಡಿದ್ದಳು. ಮಗಳು ಹತ್ತು ಹೆಜ್ಜೆ ಹಿಂದಿದ್ದಳು. ಅಂದಿನಿಂದ ಮಾತಿಲ್ಲ. ತುತ್ತು ಹಿಡಿಯುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಕಲಿತದ್ದೆಲ್ಲ ಕೈಬಿಟ್ಟುಹೋಗಿತ್ತು. ಗಾಡಿ ಸದ್ದಿಗೆ ಬಟ್ಟೆ ಒದ್ದೆಯಾಗುತ್ತಿತ್ತು. ಆ ಪ್ರಕರಣದ ಕಡತ ಈಶ್ವರ್ ಅವರ ಬೀರುವಿನಲ್ಲೇ ಇತ್ತು. ಮೇಲೆ 'ವಾಹನ ಪತ್ತೆಯಾಗಿಲ್ಲ' ಎಂದು ಅವರೇ ಬರೆದಿದ್ದರು.

ಎಂಟು ಗುರುವಾರ ಅವಳು ಆ ಕೋಣೆಯ ಬಟ್ಟೆ ಜೋಲಿಯಲ್ಲಿ ತೂಗಿದಳು, ಅಕ್ಕಿ ಡಬ್ಬಿಯಲ್ಲಿ ಕೈಯಾಡಿಸಿದಳು. ಅದಾದ ಮೇಲೆ ಕೊನೆಗೆ ಉಸುಕಿನ ತೊಟ್ಟಿಗೆ ಬರುತ್ತಿದ್ದಳು. ಪ್ರತಿ ಸಲವೂ ಟಿಪ್ಪರನ್ನು ಬಟ್ಟೆ ಗೊಂಬೆಯ ಮೇಲೆ ಹಾಯಿಸಿ ಎರಡನ್ನೂ ಹೂಳುತ್ತಿದ್ದಳು. ಶಿಲ್ಪಶ್ರೀ ಏನೂ ಕೇಳುತ್ತಿರಲಿಲ್ಲ, ತಡೆಯುತ್ತಲೂ ಇರಲಿಲ್ಲ. ಅಲ್ಲಿನ ಕೆಲಸದ ರೀತಿಯೇ ಅದು. ಕಳೆದ ಗುರುವಾರ, ಆರನೇ ತಾರೀಕು, ಅವಳು ಗೊಂಬೆಯ ಮುಂದೆ ಅಂಗೈ ಅಡ್ಡ ಇಟ್ಟು ಟಿಪ್ಪರನ್ನು ತಡೆದಳು. "ನಿಲ್ಸು" ಅಂದಳು. ಅವತ್ತು ಮನೆಯಲ್ಲಿ ತಾನೇ ರೊಟ್ಟಿ ಮುರಿದು ತಿಂದಳಂತೆ.

"ಇದನ್ನ ಯಾರಿಗೆ ಹೇಳಿದ್ರಿ?"

"ಕರ್ಕೊಂಡ್ ಬಂದವ್ರಿಗೆ. ಅಜ್ಜಿ, ಸೋದರಮಾವ." ಶಿಲ್ಪಶ್ರೀ ಹೇಳಿದರು, "ಹೇಳಬಾರದಿತ್ತೇನೋ. ಖುಷಿಯಾಗಿತ್ತು ನನಗ."

11.30ಕ್ಕೆ ಸ್ಥಳ ಪಂಚನಾಮೆ. ಆಟಿಕೆಯ ಬುಟ್ಟಿಗಳು ಸಾಲಾಗಿದ್ದವು. ತೊಟ್ಟಿಯಲ್ಲಿದ್ದ ಗೊಂಬೆಯನ್ನು ಮಾತ್ರ ಯಾರೋ ಮೇಲೆತ್ತಿ, ಉಸುಕು ಕೊಡವಿ, ಜೋಲಿಯಲ್ಲಿ ಮಲಗಿಸಿದ್ದರು. ಕಿಟಕಿಯ ಕಟ್ಟೆಯ ಮೇಲೆ ನಾಲ್ಕು ಬೆರಳಿನ ಕೆಂಪು ಗುರುತು, ಅದಿರಿನ ಧೂಳು.

"ಅರ್ಧ ಹೊಸಪೇಟಿ ಕೈ ಹಿಂಗ ಐತ್ರಿ ಸರ್," ಎಂದರು ದೇವಿಕಾ.

"ಅರ್ಧ ಹೊಸಪೇಟಿಗೆ ಆ ಟಿಪ್ಪರ್ ಗೊತ್ತಿಲ್ಲಲ್ಲವ್ವ."

ಮಧ್ಯಾಹ್ನ 2.45ಕ್ಕೆ ಮಲಪನಗುಡಿ. ಅಜ್ಜಿ ದ್ಯಾಮಕ್ಕ ಇಬ್ಬರಿಗೂ ಚಹಾ ಕೊಟ್ಟಳು. ಮಗ ಹುಲಿಗೇಶ್ ಸಂಡೂರಿನ ಕಡೆ ಅದಿರು ಟಿಪ್ಪರ್ ಓಡಿಸುತ್ತಾನೆ, ಗುರುವಾರ ರಜೆ ಹಾಕಿ ಬೈಕಿನಲ್ಲಿ ಇವರನ್ನು ಕರೆದೊಯ್ಯುತ್ತಾನೆ ಎಂದಳು. ಮುಂಚೆ ರಾತ್ರಿಪಾಳಿ ಮುಗಿಸಿ ಬರುವಾಗ ಈ ತಿರುವಿನಲ್ಲಿ ಎರಡು ಹಾರ್ನ್ ಹೊಡೆಯುತ್ತಿದ್ದ. ಅಕ್ಕ ರೇಣುಕಾದೇವಿ ಲೋಟದಲ್ಲಿ ಚಹಾ ಹಿಡಿದು ರಸ್ತೆಗೆ ಓಡುತ್ತಿದ್ದಳು. ಟಿಪ್ಪರಿನಲ್ಲಿ ಕೂತಲ್ಲೇ ಕುಡಿದು ಹೋಗುತ್ತಿದ್ದ. ಈಗ ಟಿಪ್ಪರನ್ನು ಈ ದಾರಿಗೇ ತರುವುದಿಲ್ಲ.

ಈಶ್ವರ್ ಕೈಯಲ್ಲಿದ್ದ ಲೋಟ ನೋಡಿದರು. ನವೆಂಬರಿನ ಪಂಚನಾಮೆಯಲ್ಲಿ ಏಳನೆಯ ವಸ್ತು: 'ಸ್ಟೀಲ್ ಲೋಟ ಒಂದು, ನಜ್ಜಾಗಿರುವುದು.' ಕೆಳಗೆ ಸಹಿ ಅವರದೇ. ಬೆಳಗಿನ ಆರೂಕಾಲಿಗೆ ರಸ್ತೆ ಮೇಲೆ ಲೋಟ ಯಾರಿಗಾಗಿ ಎಂದು ಅವರು ಅವತ್ತು ಯಾರನ್ನೂ ಕೇಳಿರಲಿಲ್ಲ.

"ಆವತ್ತು ಹಾರ್ನ್ ಹೊಡದಿದ್ದನೇನಮ್ಮ?"

"ಹೊಡದಿದ್ದಕ್ಕ ಅಲ್ಲೇನ್ರಿ ಆಕಿ ಓಡಿದ್ದು. ಮುಂದಿನ ಲಾರಿ ಗುದ್ದಿ ಹೋತು ಅಂದ ಅವ..." ಮುದುಕಿ ಒಲೆಯ ಕಡೆ ತಿರುಗಿ ಕೂತಳು. "ನೀವು ಆವಾಗ ಕೇಳಲಿಲ್ಲಲ್ರೀ," ಅಂದಳು.

ಬಾಗಿಲ ಹಿಂದೆ ಅನ್ನಪೂರ್ಣ ನಿಂತಿದ್ದಳು. ಅವಳಿಗೆ ಒಂದೂ ಪ್ರಶ್ನೆ ಹಾಕಬಾರದೆಂದು ಶಿಲ್ಪಶ್ರೀ ಮಾತು ತೆಗೆದುಕೊಂಡಿದ್ದರು. ಈಶ್ವರ್ ಕೇಳಲಿಲ್ಲ.

ಫೆಬ್ರುವರಿ 12, ಬುಧವಾರ. ಸಂಡೂರಿನ ಗ್ಯಾರೇಜಿನ ಪಾಲಪ್ಪ ಹಳೆಯ ಬಿಲ್ಲು ತೆಗೆದು ತೋರಿಸಿದ. ನವೆಂಬರ್ 19ರಂದು ಹುಲಿಗೇಶನ ಟಿಪ್ಪರಿಗೆ ಬಂಪರ್ ಮತ್ತು ಎಡಗಡೆ ದೀಪ ಹೊಸದು. ಎಮ್ಮೆಗೆ ಬಡಿಯಿತು ಅಂದಿದ್ದನಂತೆ. "ಎಮ್ಮಿಗೆ ಬಡದವ ಹಂಗ ಅಳ್ತಾನೇನ್ರಿ? ನನಗ ಅನುಮಾನ ಬಂದಿತ್ತು. ನಮಗ್ಯಾಕ ಅಂತ ಬಿಟ್ಟೆ."

ಸಂಜೆ 4.10ಕ್ಕೆ ಅದಿರು ತುಂಬಿಸಲು ನಿಂತ ಲಾರಿಗಳ ಸಾಲಿನಲ್ಲಿ ಹುಲಿಗೇಶ್ ಸಿಕ್ಕ. ವಯಸ್ಸು ಇಪ್ಪತ್ತಾರು. ಜೀಪು ಕಂಡು ತಾನೇ ಇಳಿದು ನಿಂತ. ಸೀಟಿನ ಕೆಳಗೆ ಟವೆಲಿನಲ್ಲಿ ಸುತ್ತಿದ ಆಟಿಕೆ ಇತ್ತು. ಪಂಚರ ಸಮಕ್ಷಮ ಬಿಚ್ಚಿದಾಗ ಒಂದು ಹಿಡಿ ಉಸುಕು ಉದುರಿತು.

"ನೀನು ಗುದ್ದಿದ್ದೇನಲೇ?"

"ಎರಡು ಪಾಳಿ ಆಗಿತ್ರಿ. ಹಾರ್ನ್ ಹೊಡದದ್ದು ನೆನಪೈತಿ. ಕಣ್ಣು ಹತ್ತಿತು. ಆಮ್ಯಾಲ ನೋಡಿದ್ದು ಲೋಟ."

"ಕೂಸು ಎಲ್ಲಾ ಹೇಳಿಬಿಡ್ತೈತಿ ಅಂತ ಇದನ್ನ ಕದ್ದಿ."

"ಇಲ್ರಿ ಸರ್. ಹೇಳ್ಲಿ ಅಂತನ ಕರ್ಕೊಂಡ್ ಹೋಗ್ತಿದ್ದೆ. ನನ್ನ ಬಾಯಿಂದ ಆಗಲಿಲ್ಲ, ಆಕಿ ಬಾಯಿಂದಾರ ಬರ್ಲಿ ಅಂತ." ಅವನು ಕೆಂಪಾದ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಆದ್ರ ಆಕಿ ಅದನ್ನ ನಿಲ್ಲಿಸಿದ್ಳು ಅಂದ್ರು ಮೇಡಂ. ಅಷ್ಟು ಸಣ್ಣ ಕೈಲೆ. ನನಗ ತಡಕೊಳ್ಳಾಕ ಆಗಲಿಲ್ಲ."

"ತಗೊಂಡ್ ಮ್ಯಾಲ ಒಗೀಲಿಲ್ಲ ಯಾಕ?"

"ಅದ್ರಾಗ ಆಕಿ ಆಡಿದ ಉಸುಕು ಐತಲ್ರಿ."

5.25ಕ್ಕೆ ದಸ್ತಗಿರಿ. ಕಾಗದದಲ್ಲಿ ಕಳವಿನ ಉದ್ದೇಶಕ್ಕೆ ಎರಡು ಗೆರೆಯಷ್ಟೇ ಜಾಗ. ಈಶ್ವರ್ 'ಸಾಕ್ಷ್ಯ ಮರೆಮಾಚಲು' ಎಂದು ಬರೆದು, ಬಳಿಕ ಹೊಡೆದುಹಾಕಿ 'ಹೇಳಿಕೆಯಂತೆ' ಎಂದು ಬರೆದರು. ಅಕ್ಕನ ಮಗಳು ತಡೆದ ಲಾರಿಯನ್ನು ತಾನು ತಡೆಯಲಾಗಲಿಲ್ಲ ಎಂಬುದಕ್ಕೆ ಯಾವ ಕಲಮೂ ಇರಲಿಲ್ಲ.

ಆಟಿಕೆಯನ್ನು ಕೋರ್ಟಿಗೆ ಒಪ್ಪಿಸಬೇಕಾದ ಮುದ್ದೆಮಾಲೆಂದು ಬಟ್ಟೆಯಲ್ಲಿ ಹೊಲಿದು ಅರಗಿನ ಮುದ್ರೆ ಒತ್ತಿದರು. ಮರುದಿನಕ್ಕೆ ಅದು ಬೇಕೆಂದು ಶಿಲ್ಪಶ್ರೀ ಫೋನ್ ಮಾಡಿದಾಗ, ಇನ್ನು ಕೋರ್ಟಿನ ಆದೇಶವಿಲ್ಲದೆ ಕೊಡಲು ಬರುವುದಿಲ್ಲ ಎಂದು ಈಶ್ವರ್ ಹೇಳಬೇಕಾಯಿತು. ಬಿಡುಗಡೆಗೆ ತಾವೇ ಅರ್ಜಿ ಬರೆದುಕೊಟ್ಟರು. ಅದರ ವಿಚಾರಣೆ ಮಾರ್ಚ್ 10ಕ್ಕೆ ಬಿತ್ತು.

ಗುರುವಾರ ದೇವಿಕಾ ಸಾದಾ ಸೀರೆಯಲ್ಲಿ ಶಿಲ್ಪಶ್ರೀ ಅವರ ಕೋಣೆಗೆ ಹೋದರು. ಬಜಾರದಲ್ಲಿ ಹುಡುಕಿ ಅದೇ ಹಳದಿಯ ಟಿಪ್ಪರ್ ತಂದಿದ್ದರು. ಅಜ್ಜಿ ಮೊಮ್ಮಗಳು ಬಸ್ಸಿನಲ್ಲಿ ಬಂದಿದ್ದರು. ಮುದುಕಿ ದೇವಿಕಾ ಕಡೆ ನೋಡಲಿಲ್ಲ.

ಅನ್ನಪೂರ್ಣ ಹೊಸ ಟಿಪ್ಪರನ್ನು ಕೈಗೆ ತೆಗೆದುಕೊಂಡಳು. ಬೋರಲು ಮಾಡಿ ಅಲುಗಿಸಿದಳು. ಉಸುಕು ಬೀಳಲಿಲ್ಲ. ಅದನ್ನು ಬುಟ್ಟಿಯಲ್ಲಿಟ್ಟು ಬಾಗಿಲ ಮೆಟ್ಟಿಲಿಗೆ ಬಂದಳು. ಎಂಟು ಗುರುವಾರವೂ ಹುಲಿಗೇಶ್ ಅವಳ ಚಪ್ಪಲಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ ಮೆಟ್ಟಿಲು ಅದು. ಅಲ್ಲಿ ಈಗ ದೇವಿಕಾ ಕೂತಿದ್ದರು.

"ಮಾಮ?" ಎಂದಳು.

ನವೆಂಬರಿನ ಬಳಿಕ ಅವಳು ಆಡಿದ ಎರಡನೆಯ ಮಾತು ಅದು. ದೇವಿಕಾ ಅದನ್ನು ಎಲ್ಲಿಯೂ ಬರೆದುಕೊಳ್ಳಲಿಲ್ಲ.